ಯಕೃತ್ತಿನ ರೋಗಗಳಲ್ಲಿ ಶಕ್ತಿ ಚಯಾಪಚಯ

ಯಕೃತ್ತು ರೋಗಗ್ರಸ್ತವಾದಾಗ ರಕ್ತದಲ್ಲಿ ಹರಿಯುವ ಇಂಧನ ದ್ರವ್ಯಗಳಾದ ಗ್ಲೂಕೋಸ್, ಕೊಬ್ಬಿನ ಆಮ್ಲಗಳು, ಕೀಟೋನ್‌ಗಳು, ಲ್ಯಾಕ್ಟೇಟ್ ಹಾಗೂ ಅಮೈನೋ ಆಮ್ಲಗಳ ಪ್ರಮಾಣದಲ್ಲಿಯೂ ಬಳಕೆಯಲ್ಲಿಯೂ ಉಂಟಾಗುವ ಏರುಪೇರುಗಳನ್ನು ಯಕೃತ್ತಿನ ರೋಗಗಳಲ್ಲಿನ ಶಕ್ತಿ ಚಯಾಪಚಯ ಎಂದು ಒಟ್ಟಾಗಿ ಅಭ್ಯಸಿಸಲಾಗುತ್ತದೆ. ಯಕೃತ್ತಿಗೆ ಪಿತ್ತಜನಕಾಂಗ ಎಂಬ ಹೆಸರೂ ಕನ್ನಡದಲ್ಲಿ ಬಳಕೆಯಲ್ಲಿದೆ. ಆದರೆ ಪಿತ್ತರಸದ ಉತ್ಪಾದನೆ ಈ ಅಂಗದ ಹಲವು ಕೆಲಸಗಳಲ್ಲಿ ಒಂದು ಮಾತ್ರ. ಉಂಡಾಗ ಬಂದ ಸಕ್ಕರೆಯನ್ನು ಕೂಡಿಟ್ಟು, ಉಣದಿರುವಾಗ ಅದನ್ನು ಅಳೆದು ರಕ್ತಕ್ಕೆ ಬಿಡುವ ಉಗ್ರಾಣವೂ ಇದೇ. ಈ ಉಗ್ರಾಣ ಬರಿದಾದಾಗ ಕಾಣುವ ಪರಿಣಾಮಗಳು ಕಾಮಾಲೆ ಅಥವಾ ಜಲೋದರದಂತೆ ಕಣ್ಣಿಗೆ ಬೀಳುವುದಿಲ್ಲ. ರೋಗಿಯ ತೋಳು ತೊಡೆಗಳು ಸೊರಗುವುದು, ಬೆಳಗ್ಗೆ ಏಳುವಾಗಲೇ ಆಯಾಸವಿರುವುದು, ಮಂಕು ಕವಿಯುವುದು ಇವೇ ಅದರ ಹೊರ ಚಿಹ್ನೆಗಳು.

ಆರೋಗ್ಯವಂತ ಯಕೃತ್ತಿನ ಕಾರ್ಯ

ವಯಸ್ಕರ ಯಕೃತ್ತಿನ ತೂಕ ಸುಮಾರು 1.5 ಕಿಲೋಗ್ರಾಂ. ಅದಕ್ಕೆ ಬರುವ ರಕ್ತದ ಮುಕ್ಕಾಲು ಪಾಲು ಕರುಳು, ಜಠರ, ಗುಲ್ಮ ಮತ್ತು ಮೇದೋಜೀರಕ ಗ್ರಂಥಿಗಳಿಂದ ಹೊರಟ ಪೋರ್ಟಲ್ ಅಭಿಧಮನಿಯ ಮೂಲಕ ಬರುತ್ತದೆ. ಉಳಿದ ಕಾಲು ಪಾಲನ್ನು ಯಕೃತ್ತಿನ ಅಪಧಮನಿ ತರುತ್ತದೆ. ಜೀರ್ಣವಾದ ಆಹಾರದ ಸಕ್ಕರೆ ಮತ್ತು ಅಮೈನೋ ಆಮ್ಲಗಳು ದೇಹದ ಇತರ ಭಾಗಗಳನ್ನು ತಲುಪುವ ಮೊದಲು ಯಕೃತ್ತನ್ನು ಹಾಯಲೇಬೇಕು. ಮೇದೋಜೀರಕ ಗ್ರಂಥಿ ಸ್ರವಿಸುವ ಇನ್ಸುಲಿನ್ ಕೂಡ ಇದೇ ದಾರಿಯಲ್ಲಿ ಬರುತ್ತದೆ. ಅದರ ಸುಮಾರು ಅರ್ಧ ಭಾಗ ಯಕೃತ್ತಿನಲ್ಲಿಯೇ ಬಳಕೆಯಾಗಿ ನಾಶವಾಗುತ್ತದೆ.

ಊಟದ ನಂತರ ಯಕೃತ್ತು ಗ್ಲೂಕೋಸನ್ನು ಗ್ಲೈಕೋಜನ್ ಎಂಬ ಪಿಷ್ಟಸದೃಶ ವಸ್ತುವಾಗಿ ಕಟ್ಟಿಡುತ್ತದೆ. ಹೊಟ್ಟೆ ತುಂಬ ಉಂಡ ವ್ಯಕ್ತಿಯ ಯಕೃತ್ತಿನಲ್ಲಿ ಇದು 80ರಿಂದ 100 ಗ್ರಾಂನಷ್ಟಿರುತ್ತದೆ. ಸ್ನಾಯುಗಳಲ್ಲಿ ಇದಕ್ಕಿಂತ ಹೆಚ್ಚು ಗ್ಲೈಕೋಜನ್ ಇದ್ದರೂ ಅದನ್ನು ರಕ್ತಕ್ಕೆ ಗ್ಲೂಕೋಸ್ ರೂಪದಲ್ಲಿ ಹಿಂದಿರುಗಿಸಲು ಬೇಕಾದ ಗ್ಲೂಕೋಸ್-6-ಫಾಸ್ಫಟೇಸ್ ಎಂಬ ಕಿಣ್ವ ಸ್ನಾಯುವಿನಲ್ಲಿಲ್ಲ. ಆದ್ದರಿಂದ ಸ್ನಾಯುವಿನ ಸಂಗ್ರಹ ಆ ಸ್ನಾಯುವಿಗಷ್ಟೇ, ಯಕೃತ್ತಿನ ಸಂಗ್ರಹ ಇಡೀ ದೇಹಕ್ಕೆ.

ರಾತ್ರಿ ಎಂಟಕ್ಕೆ ಉಂಡು ಬೆಳಗ್ಗೆ ಎಂಟಕ್ಕೆ ತಿಂಡಿ ತಿನ್ನುವವರಲ್ಲಿ ನಡುವಿನ ಹನ್ನೆರಡು ಗಂಟೆಗಳ ಬಹುಭಾಗ ರಕ್ತದ ಸಕ್ಕರೆಯನ್ನು ಕಾಯುವುದು ಯಕೃತ್ತೇ. ಮಿದುಳು ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸನ್ನು ಬಳಸುತ್ತದೆ. ಕೆಂಪು ರಕ್ತಕಣಗಳಲ್ಲಿ ಮೈಟೊಕಾಂಡ್ರಿಯಾಗಳಿಲ್ಲದ ಕಾರಣ ಅವು ಗ್ಲೂಕೋಸನ್ನುಳಿದು ಬೇರೆ ಇಂಧನವನ್ನು ಬಳಸಲಾರವು. ಅದನ್ನೂ ಪೂರ್ತಿ ದಹಿಸದೆ ಲ್ಯಾಕ್ಟೇಟ್ ಆಗಿಸಿ ರಕ್ತಕ್ಕೆ ಬಿಡುತ್ತವೆ. ಯಕೃತ್ತು ಈ ಬೇಡಿಕೆಯನ್ನು ಎರಡು ವಿಧದಲ್ಲಿ ಪೂರೈಸುತ್ತದೆ. ಮೊದಲನೆಯದು ಗ್ಲೈಕೋಜನ್ನನ್ನು ಒಡೆಯುವುದು. ಎರಡನೆಯದು ಲ್ಯಾಕ್ಟೇಟ್, ಗ್ಲಿಸರಾಲ್ ಹಾಗೂ ಅಮೈನೋ ಆಮ್ಲಗಳಿಂದ ಹೊಸದಾಗಿ ಗ್ಲೂಕೋಸ್ ತಯಾರಿಸುವುದು. ಒಂದು ರಾತ್ರಿಯ ಉಪವಾಸದ ಕೊನೆಯಲ್ಲಿ ಇವೆರಡರ ಪಾಲು ಹೆಚ್ಚುಕಡಿಮೆ ಸಮನಾಗಿರುತ್ತದೆ. ಉಪವಾಸ ಒಂದೆರಡು ದಿನ ಮುಂದುವರಿದರೆ ಗ್ಲೈಕೋಜನ್ ಮುಗಿಯುತ್ತದೆ. ಆಗ ಕೊಬ್ಬು ಕರಗಿ ಬರುವ ಆಮ್ಲಗಳಿಂದ ಯಕೃತ್ತು ಕೀಟೋನ್‌ಗಳನ್ನು ತಯಾರಿಸಿ ಮಿದುಳಿಗೆ ಒದಗಿಸತೊಡಗುತ್ತದೆ.

ತಿಳಿವಳಿಕೆ ಬೆಳೆದ ಬಗೆ

ಪ್ರಾಣಿದೇಹ ಸಕ್ಕರೆಯನ್ನು ಸಸ್ಯಗಳಿಂದ ಪಡೆಯಬಲ್ಲುದೇ ಹೊರತು ತಾನೇ ತಯಾರಿಸಲಾರದು ಎಂಬ ನಂಬಿಕೆ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ವ್ಯಾಪಕವಾಗಿತ್ತು. ಫ್ರೆಂಚ್ ಶರೀರಕ್ರಿಯಾ ವಿಜ್ಞಾನಿ ಕ್ಲಾಡ್ ಬರ್ನಾರ್ಡ್, ಬರಿಯ ಮಾಂಸ ತಿಂದ ಪ್ರಾಣಿಗಳಲ್ಲಿಯೂ ಯಕೃತ್ತಿನಿಂದ ಹೊರಡುವ ರಕ್ತದಲ್ಲಿ ಸಕ್ಕರೆ ಇರುವುದನ್ನು 1848ರಲ್ಲಿ ಕಂಡರು. 1857ರಲ್ಲಿ ಅವರು ಗ್ಲೈಕೋಜನ್ನನ್ನು ಬೇರ್ಪಡಿಸಿದರು. 1920ರ ದಶಕದ ಆರಂಭದಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಫ್ರಾಂಕ್ ಮಾನ್ ಮತ್ತು ಥಾಮಸ್ ಮಗಾತ್ ನಾಯಿಗಳ ಯಕೃತ್ತನ್ನು ತೆಗೆದು ಪರೀಕ್ಷಿಸಿದಾಗ ಅವುಗಳ ರಕ್ತದ ಸಕ್ಕರೆ ಕೆಲವೇ ಗಂಟೆಗಳಲ್ಲಿ ಕುಸಿಯಿತು. ನೆಲಕ್ಕೊರಗಿದ ಪ್ರಾಣಿ ಗ್ಲೂಕೋಸ್ ಕೊಟ್ಟೊಡನೆ ಎದ್ದು ನಿಲ್ಲುತ್ತಿತ್ತು, ಸ್ವಲ್ಪ ಸಮಯದ ಬಳಿಕ ಮತ್ತೆ ಕುಸಿಯುತ್ತಿತ್ತು. ಇಂದಿನ ಓದುಗರಿಗೆ ಕ್ರೂರವೆನಿಸಬಹುದಾದ ಈ ಪ್ರಯೋಗವು ಯಕೃತ್ತಿಲ್ಲದೆ ರಕ್ತದ ಸಕ್ಕರೆ ನಿಲ್ಲದೆಂಬುದನ್ನು ಸಂಶಯಕ್ಕೆಡೆಯಿಲ್ಲದಂತೆ ತೋರಿಸಿತು.

ಸ್ನಾಯು ಮತ್ತು ರಕ್ತಕಣಗಳು ಬಿಟ್ಟ ಲ್ಯಾಕ್ಟೇಟ್ ಯಕೃತ್ತಿಗೆ ಬಂದು ಮತ್ತೆ ಗ್ಲೂಕೋಸ್ ಆಗಿ ಹಿಂದಿರುಗುವ ಚಕ್ರಕ್ಕೆ ಕೋರಿ ಚಕ್ರವೆಂದು ಹೆಸರು. ಇದನ್ನು ವಿವರಿಸಿದ ಕಾರ್ಲ್ ಕೋರಿ ಮತ್ತು ಗರ್ಟಿ ಕೋರಿ ದಂಪತಿಗಳಿಗೆ, ಗ್ಲೈಕೋಜನ್ ಕುರಿತ ಸಂಶೋಧನೆಗಾಗಿ, 1947ರಲ್ಲಿ ಬರ್ನಾರ್ಡೊ ಹುಸೇ ಅವರೊಡನೆ ನೊಬೆಲ್ ಪ್ರಶಸ್ತಿ ದೊರೆಯಿತು.

ಸಿರೋಸಿಸ್‌ನಲ್ಲಿ ಅಕಾಲ ಉಪವಾಸ

ಮದ್ಯಪಾನ, ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳು, ಕೊಬ್ಬು ತುಂಬಿದ ಯಕೃತ್ತು ಮೊದಲಾದ ಕಾರಣಗಳಿಂದ ಯಕೃತ್ತಿನ ಕೋಶಗಳು ವರ್ಷಗಟ್ಟಲೆ ಸಾಯುತ್ತ, ಅವುಗಳ ಜಾಗದಲ್ಲಿ ನಾರುಕಟ್ಟು ಬೆಳೆದು ಅಂಗವೇ ಗಂಟುಗಂಟಾಗಿ ಗಟ್ಟಿಯಾಗುವುದು ಸಿರೋಸಿಸ್. ಇಂತಹ ಯಕೃತ್ತಿನಲ್ಲಿ ಗ್ಲೈಕೋಜನ್ ಇಡುವ ಜಾಗವೇ ಕಡಿಮೆ. ರೋಗಿ ರಾತ್ರಿ ಸರಿಯಾಗಿಯೇ ಉಂಡಿದ್ದರೂ ಆ ಸಂಗ್ರಹ ನಸುಕಿನೊಳಗೆ ಮುಗಿದುಹೋಗುತ್ತದೆ.

ಅಮೆರಿಕದ ಆಲಿವರ್ ಓವನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಸಂಗತಿಯನ್ನು ಸ್ಪಷ್ಟವಾಗಿ ತೋರಿಸಿತು. ಮದ್ಯಪಾನದಿಂದ ಸಿರೋಸಿಸ್ ಬಂದಿದ್ದ ರೋಗಿಗಳು ಒಂದು ರಾತ್ರಿ ಊಟವಿಲ್ಲದೆ ಕಳೆದ ನಂತರ ಅವರ ದೇಹ ಯಾವ ಇಂಧನವನ್ನು ಉರಿಸುತ್ತಿದೆಯೆಂಬುದನ್ನು, ಉಸಿರಿನಲ್ಲಿ ಒಳಹೋಗುವ ಆಮ್ಲಜನಕ ಮತ್ತು ಹೊರಬರುವ ಇಂಗಾಲದ ಡೈಆಕ್ಸೈಡ್‌ಗಳ ಪ್ರಮಾಣದಿಂದ ಲೆಕ್ಕ ಹಾಕಲಾಯಿತು. ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಬಳಸಿದ ಆಮ್ಲಜನಕದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಉಸಿರಾಟದ ಭಾಗಲಬ್ಧವೆಂದು ಹೆಸರು. ಸಕ್ಕರೆ ಉರಿಯುವಾಗ ಇದು 1, ಕೊಬ್ಬು ಉರಿಯುವಾಗ ಸುಮಾರು 0.7. ಆರೋಗ್ಯವಂತರಲ್ಲಿ ರಾತ್ರಿ ಕಳೆದ ಮೇಲೆ 0.8ರ ಆಸುಪಾಸಿನಲ್ಲಿರುವ ಸಂಖ್ಯೆ ಈ ರೋಗಿಗಳಲ್ಲಿ 0.7ರ ಹತ್ತಿರಕ್ಕೆ ಇಳಿದಿತ್ತು. ಆರೋಗ್ಯವಂತರು ಎರಡು ಮೂರು ದಿನ ಏನೂ ತಿನ್ನದಿದ್ದರೆ ಬರುವ ಸ್ಥಿತಿಯನ್ನು ಸಿರೋಸಿಸ್ ರೋಗಿಯ ದೇಹ ಒಂದೇ ರಾತ್ರಿಯಲ್ಲಿ ತಲುಪುತ್ತದೆ ಎಂಬುದು ಇದರ ಅರ್ಥ. ಇದನ್ನು ವೇಗವರ್ಧಿತ ಉಪವಾಸ ಸ್ಥಿತಿ ಎಂದು ಕರೆಯಬಹುದು.

ಈ ಹೊತ್ತಿನಲ್ಲಿ ರಕ್ತದಲ್ಲಿ ಕೊಬ್ಬಿನ ಆಮ್ಲಗಳು ಏರಿರುತ್ತವೆ. ಆದರೆ ಕೊಬ್ಬಿನ ಆಮ್ಲದಿಂದ ಗ್ಲೂಕೋಸ್ ತಯಾರಿಸಲು ಮನುಷ್ಯದೇಹಕ್ಕೆ ಸಾಧ್ಯವಿಲ್ಲ. ಮಿದುಳಿಗೂ ರಕ್ತಕಣಗಳಿಗೂ ಬೇಕಾದ ಸಕ್ಕರೆಯನ್ನು ಹೇಗಾದರೂ ಒದಗಿಸಲೇಬೇಕಾದುದರಿಂದ ಸ್ನಾಯುಗಳ ಪ್ರೋಟೀನ್ ಒಡೆದು ಅಮೈನೋ ಆಮ್ಲಗಳು ಹೊರಬರುತ್ತವೆ. ಯಕೃತ್ತಿನ ಉಳಿದ ಕೋಶಗಳೊಡನೆ ಮೂತ್ರಪಿಂಡಗಳೂ ಅವುಗಳಿಂದ ಗ್ಲೂಕೋಸ್ ತಯಾರಿಸುತ್ತವೆ. ಬೆಳಗಿನ ರಕ್ತಪರೀಕ್ಷೆಯಲ್ಲಿ ಸಕ್ಕರೆ ಸರಿಯಾಗಿಯೇ ಕಾಣುತ್ತದೆ. ಅದರ ಬೆಲೆಯನ್ನು ತೆತ್ತದ್ದು ತೊಡೆಯ ಸ್ನಾಯು ಎಂಬುದು ಆ ವರದಿಯಲ್ಲಿ ಕಾಣುವುದಿಲ್ಲ. ತಿಂಗಳುಗಟ್ಟಲೆ ಹೀಗೆ ನಡೆದಾಗ ಹೊಟ್ಟೆಯಲ್ಲಿ ನೀರು ತುಂಬಿ ತೂಕ ಕುಗ್ಗದಿದ್ದರೂ ಕೈಕಾಲುಗಳು ಕಡ್ಡಿಯಾಗುತ್ತವೆ. ಹೀಗಾಗಿ ಸಿರೋಸಿಸ್ ರೋಗಿಯ ಪೋಷಣೆಯನ್ನು ತೂಕದ ಯಂತ್ರದಿಂದ ಅಳೆಯುವುದು ದಾರಿ ತಪ್ಪಿಸುತ್ತದೆ. ಮುಷ್ಟಿಯ ಹಿಡಿತದ ಬಲ, ತೋಳಿನ ನಡುಭಾಗದ ಸುತ್ತಳತೆ ಇವು ಹೆಚ್ಚು ನಂಬಲರ್ಹ.

ಅಮೋನಿಯಾ ಮತ್ತು ಅಮೈನೋ ಆಮ್ಲಗಳು

ಅಮೈನೋ ಆಮ್ಲಗಳು ಇಂಧನವಾಗಿ ಬಳಕೆಯಾದಾಗ ಅಮೋನಿಯಾ ಉಳಿಯುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳೂ ಅದನ್ನು ಉತ್ಪಾದಿಸುತ್ತವೆ. ಯಕೃತ್ತು ಅದನ್ನು ಯೂರಿಯಾ ಆಗಿ ಮಾರ್ಪಡಿಸಿ ಮೂತ್ರದ ಮೂಲಕ ಹೊರಹೋಗುವಂತೆ ಮಾಡುತ್ತದೆ. ಈ ಚಕ್ರವನ್ನು 1932ರಲ್ಲಿ ಹಾನ್ಸ್ ಕ್ರೆಬ್ಸ್ ಮತ್ತು ಕುರ್ಟ್ ಹೆನ್ಸಲೈಟ್ ವಿವರಿಸಿದರು. ಸಿರೋಸಿಸ್‌ನಲ್ಲಿ ಕೋಶಗಳು ಕಡಿಮೆಯಾಗಿರುವುದಲ್ಲದೆ, ಗಟ್ಟಿಯಾದ ಅಂಗವನ್ನು ಹಾಯಲಾರದ ಪೋರ್ಟಲ್ ರಕ್ತದ ಒಂದು ಭಾಗ ಅಡ್ಡದಾರಿಗಳಿಂದ ನೇರವಾಗಿ ದೇಹದ ರಕ್ತಕ್ಕೆ ಸೇರಿಬಿಡುತ್ತದೆ. ಆಗ ಅಮೋನಿಯಾ ಮಿದುಳನ್ನು ತಲುಪಿ ನಿದ್ದೆಯ ಹೊತ್ತು ತಿರುವುಮುರುವಾಗುವುದು, ಕೈ ನಡುಕ, ಗೊಂದಲ, ಕೊನೆಗೆ ಪ್ರಜ್ಞಾಶೂನ್ಯತೆಗೆ ಕಾರಣವಾಗುತ್ತದೆ.

ಯಕೃತ್ತು ಸೋತಾಗ ಅಮೋನಿಯಾವನ್ನು ಹೀರಿಕೊಳ್ಳುವ ಎರಡನೆಯ ದೊಡ್ಡ ಅಂಗವೆಂದರೆ ಸ್ನಾಯು. ಅದು ಅಮೋನಿಯಾವನ್ನು ಗ್ಲುಟಮೇಟ್‌ನೊಡನೆ ಕೂಡಿಸಿ ಗ್ಲುಟಮಿನ್ ಮಾಡುತ್ತದೆ. ಈ ಕೆಲಸದಲ್ಲಿ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಕವಲು ಸರಪಳಿಯ ಅಮೈನೋ ಆಮ್ಲಗಳು ಖರ್ಚಾಗುತ್ತವೆ. ಇನ್ನೊಂದು ಕಡೆ, ಯಕೃತ್ತಿನಲ್ಲಿ ನಾಶವಾಗಬೇಕಾದ ಫಿನೈಲ್ ಅಲನಿನ್ ಮತ್ತು ಟೈರೊಸಿನ್ ರಕ್ತದಲ್ಲಿ ಉಳಿದುಬಿಡುತ್ತವೆ. ಮೊದಲ ಗುಂಪನ್ನು ಎರಡನೆಯದರಿಂದ ಭಾಗಿಸಿದರೆ ಸಿಗುವ ಫಿಶರ್ ಅನುಪಾತ ಆರೋಗ್ಯವಂತರಲ್ಲಿ 3ಕ್ಕಿಂತ ಮೇಲಿದ್ದು ಮುಂದುವರಿದ ಸಿರೋಸಿಸ್‌ನಲ್ಲಿ ಅದರ ಅರ್ಧಕ್ಕೂ ಕೆಳಗಿಳಿಯಬಹುದು.

ಇಲ್ಲಿ ಒಂದು ವಿಷವರ್ತುಲವಿದೆ. ಸ್ನಾಯು ಸೊರಗಿದಷ್ಟೂ ಅಮೋನಿಯಾ ಹೀರುವ ಶಕ್ತಿ ಕುಗ್ಗುತ್ತದೆ. ಅಮೋನಿಯಾ ಏರಿದಷ್ಟೂ ಸ್ನಾಯುವಿನ ಬೆಳವಣಿಗೆಯನ್ನು ತಡೆಯುವ ಮಯೊಸ್ಟ್ಯಾಟಿನ್ ಎಂಬ ಪ್ರೋಟೀನ್ ಹೆಚ್ಚುತ್ತದೆ.

ಸಿಹಿಮೂತ್ರವೂ ಅದರ ಪರೀಕ್ಷೆಯ ತೊಡಕೂ

ಉಪವಾಸದಲ್ಲಿ ಸಕ್ಕರೆ ಸಾಲದ ಅದೇ ರೋಗಿಗೆ ಊಟದ ನಂತರ ಸಕ್ಕರೆ ವಿಪರೀತ ಏರುವುದುಂಟು. ವಿರೋಧಾಭಾಸವೆನಿಸಿದರೂ ಕಾರಣ ಒಂದೇ: ಬಂದ ಗ್ಲೂಕೋಸನ್ನು ಕೂಡಿಡುವ ಜಾಗ ಇಲ್ಲ. ಅಡ್ಡದಾರಿಗಳ ಮೂಲಕ ಯಕೃತ್ತನ್ನು ತಪ್ಪಿಸಿಕೊಂಡ ಇನ್ಸುಲಿನ್ ರಕ್ತದಲ್ಲಿ ಸದಾ ಹೆಚ್ಚಾಗಿದ್ದು ಸ್ನಾಯುಗಳು ಅದಕ್ಕೆ ಸ್ಪಂದಿಸುವುದನ್ನು ಕಡಿಮೆ ಮಾಡುತ್ತವೆ. ಗ್ಲುಕಗಾನ್ ಕೂಡ ಏರಿರುತ್ತದೆ. ಹೀಗೆ ಯಕೃತ್ತಿನ ರೋಗದಿಂದಲೇ ಹುಟ್ಟುವ ಮಧುಮೇಹದಲ್ಲಿ ಬರಿಹೊಟ್ಟೆಯ ಸಕ್ಕರೆ ಸಹಜವಾಗಿದ್ದು, ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಮೇಲೆ ಪರೀಕ್ಷಿಸಿದಾಗ ಮಾತ್ರ ರೋಗ ಹೊರಬೀಳಬಹುದು.

ಮಧುಮೇಹದ ಮೂರು ತಿಂಗಳ ಸರಾಸರಿಯೆಂದು ಜನಪ್ರಿಯವಾಗಿರುವ ಎಚ್‌ಬಿಎ1ಸಿ ಪರೀಕ್ಷೆ ಸಿರೋಸಿಸ್‌ನಲ್ಲಿ ನಂಬಲರ್ಹವಲ್ಲ. ಕೆಂಪು ರಕ್ತಕಣವು ಸುಮಾರು 120 ದಿನ ಬದುಕಿ ಆ ಅವಧಿಯಲ್ಲಿ ಸಕ್ಕರೆಯನ್ನು ಅಂಟಿಸಿಕೊಳ್ಳುತ್ತದೆ ಎಂಬುದರ ಮೇಲೆ ಈ ಪರೀಕ್ಷೆ ನಿಂತಿದೆ. ಸಿರೋಸಿಸ್‌ನಲ್ಲಿ ಗುಲ್ಮ ಹಿಗ್ಗಿ ರಕ್ತಕಣಗಳನ್ನು ಅವಧಿಗೆ ಮುನ್ನವೇ ನಾಶಮಾಡುತ್ತದೆ. ಎಳೆಯ ಕಣಗಳಿಗೆ ಅಂಟಿರುವ ಸಕ್ಕರೆ ಕಡಿಮೆಯಾದ್ದರಿಂದ ವರದಿ ನಿಜಸ್ಥಿತಿಗಿಂತ ಚೆನ್ನಾಗಿ ಕಾಣುತ್ತದೆ. ರಕ್ತ ಏರಿಸಿಕೊಂಡವರಲ್ಲಿಯೂ ಹೀಗಾಗಬಹುದು. ಮನೆಯ ಗ್ಲೂಕೋಮೀಟರಿನಲ್ಲಿ ಊಟದ ಮುಂಚೆ ಮತ್ತು ನಂತರ ನೋಡಿದ ಅಂಕಿಗಳೇ ಇಲ್ಲಿ ಮೇಲು. ಸಕ್ಕರೆ ಇಳಿಸುವ ಕೆಲವು ಮಾತ್ರೆಗಳು ರೋಗಗ್ರಸ್ತ ಯಕೃತ್ತಿರುವವರ ದೇಹದಲ್ಲಿ ಹೆಚ್ಚು ಹೊತ್ತು ಉಳಿದು ಸಕ್ಕರೆಯನ್ನು ಅಪಾಯಕರವಾಗಿ ತಗ್ಗಿಸುತ್ತವೆ. ಮೆಟ್‌ಫಾರ್ಮಿನ್ ಮಾತ್ರೆಯು ಮುಂದುವರಿದ ರೋಗದಲ್ಲಿ ಲ್ಯಾಕ್ಟೇಟ್ ಶೇಖರಣೆಗೆ ಎಡೆಮಾಡುವ ಭಯವಿರುವುದರಿಂದ ವೈದ್ಯರು ಎಚ್ಚರ ವಹಿಸುತ್ತಾರೆ.

ಕೊಬ್ಬು ತುಂಬಿದ ಯಕೃತ್ತಿನ ಆರಂಭದ ಹಂತದಲ್ಲಿ ಚಿತ್ರ ಬೇರೆ. ಅಲ್ಲಿ ಯಕೃತ್ತು ಬಡವಾಗಿಲ್ಲ. ಇನ್ಸುಲಿನ್‌ನ ಮಾತು ಕೇಳದೆ ರಾತ್ರಿಯಿಡೀ ಬೇಡದಿದ್ದರೂ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತಿರುತ್ತದೆ. ಹಾಗಾಗಿ ಬರಿಹೊಟ್ಟೆಯ ಸಕ್ಕರೆಯೇ ಏರಿರುತ್ತದೆ.

ತೀವ್ರ ಯಕೃತ್ ವೈಫಲ್ಯ

ಆರೋಗ್ಯವಾಗಿದ್ದ ಯಕೃತ್ತು ದಿನಗಳೊಳಗೆ ಅಥವಾ ವಾರಗಳೊಳಗೆ ಕುಸಿಯುವುದು ತೀವ್ರ ವೈಫಲ್ಯ. ಹೆಪಟೈಟಿಸ್ ವೈರಾಣುಗಳು, ಕ್ಷಯದ ಔಷಧಗಳು, ಪ್ಯಾರಸಿಟಮಾಲ್ ಮಿತಿಮೀರಿದ ಸೇವನೆ ಇದರ ಕಾರಣಗಳಲ್ಲಿ ಕೆಲವು. ದಕ್ಷಿಣ ಭಾರತದಲ್ಲಿ ಹಳದಿ ರಂಜಕ ಬೆರೆಸಿದ ಇಲಿಪಾಷಾಣದ ಸೇವನೆಯೂ ಮುಖ್ಯ ಕಾರಣವಾಗಿದೆ. ಅದನ್ನು ನುಂಗಿದವರು ಮೊದಲ ವಾಂತಿಯ ನಂತರ ಒಂದೆರಡು ದಿನ ಚೇತರಿಸಿಕೊಂಡಂತೆ ಕಾಣುವುದರಿಂದ ಮನೆಯವರು ಆಸ್ಪತ್ರೆಗೆ ಹೋಗಲು ತಡಮಾಡುವ ಸಂಭವವಿದೆ. ಯಕೃತ್ತು ಕುಸಿಯುವುದು ಆ ಬಿಡುವಿನ ನಂತರವೇ.

ಇಲ್ಲಿ ರಕ್ತದ ಸಕ್ಕರೆ ಯಾವ ಮುನ್ಸೂಚನೆಯೂ ಇಲ್ಲದೆ ಬೀಳುತ್ತದೆ. ಬೆವರು, ಗೊಂದಲ, ಮೂರ್ಛೆ ಇವನ್ನು ಅಮೋನಿಯಾದಿಂದಾದ ಮಿದುಳಿನ ತೊಂದರೆಯೆಂದೇ ತಿಳಿಯುವ ಸಂಭವವಿದೆ. ಆದ್ದರಿಂದ ಇಂತಹ ರೋಗಿಯ ಸಕ್ಕರೆಯನ್ನು ಕೆಲ ಗಂಟೆಗಳಿಗೊಮ್ಮೆ ಪರೀಕ್ಷಿಸಿ ರಕ್ತನಾಳದ ಮೂಲಕ ಗ್ಲೂಕೋಸ್ ಕೊಡುತ್ತಲೇ ಇರಬೇಕಾಗುತ್ತದೆ. ಲ್ಯಾಕ್ಟೇಟನ್ನು ಯಕೃತ್ತು ತೆಗೆದುಕೊಳ್ಳದೆ ಅದು ರಕ್ತದಲ್ಲಿ ಏರುತ್ತದೆ. ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯ ವೈದ್ಯರು ಪ್ಯಾರಸಿಟಮಾಲ್‌ನಿಂದಾದ ವೈಫಲ್ಯದಲ್ಲಿ ಆರಂಭದ ಲ್ಯಾಕ್ಟೇಟ್ ಲೀಟರಿಗೆ 3.5 ಮಿಲಿಮೋಲ್ ಮೀರಿದರೆ ಬದುಕುಳಿಯುವ ಸಾಧ್ಯತೆ ಕಡಿಮೆಯೆಂದು 2002ರಲ್ಲಿ ತೋರಿಸಿದರು. ಜಪಾನಿನ ಕ್ಯೋಟೋದಲ್ಲಿ ಕಝುಎ ಒಜಾವಾ ಅವರು ಅಪಧಮನಿಯ ರಕ್ತದಲ್ಲಿನ ಎರಡು ಕೀಟೋನ್‌ಗಳ ಅನುಪಾತದಿಂದ ಯಕೃತ್ತಿನ ಮೈಟೊಕಾಂಡ್ರಿಯಾಗಳ ಸ್ಥಿತಿಯನ್ನು ಅಳೆಯುವ ವಿಧಾನವನ್ನು ಬೆಳೆಸಿದರು.

ರಕ್ತದ ಫಾಸ್ಫೇಟ್ ಪ್ರಮಾಣವೂ ಗಮನಾರ್ಹ. ಹೊಸ ಕೋಶಗಳು ಬೆಳೆಯುವಾಗ ಶಕ್ತಿವಾಹಕ ಅಣುವಾದ ಎಟಿಪಿ ತಯಾರಿಕೆಗೆ ಫಾಸ್ಫೇಟ್ ಸೆಳೆಯಲ್ಪಡುವುದರಿಂದ, ತೀವ್ರ ವೈಫಲ್ಯದಲ್ಲಿ ಫಾಸ್ಫೇಟ್ ಇಳಿಯುವುದು ಯಕೃತ್ತು ಚಿಗುರುತ್ತಿರುವ ಕುರುಹೂ ಆಗಿರಬಹುದು. ಆದರೂ ತೀರ ಕಡಿಮೆಯಾದರೆ ಕೆಂಪು ರಕ್ತಕಣಗಳೊಳಗಿನ ಎಟಿಪಿ ಕುಗ್ಗಿ ಅವು ಒಡೆಯುತ್ತವೆ, ಉಸಿರಾಟದ ಸ್ನಾಯುಗಳು ಸೋಲುತ್ತವೆ. ಹೀಗಾಗಿ ಅದನ್ನು ತುಂಬಿಕೊಡಲಾಗುತ್ತದೆ.

ಬರಿಹೊಟ್ಟೆಯ ಮದ್ಯಪಾನ ಸಿರೋಸಿಸ್ ಇಲ್ಲದವರಲ್ಲಿಯೂ ಸಕ್ಕರೆಯನ್ನು ಬೀಳಿಸಬಲ್ಲುದು. ಮದ್ಯವನ್ನು ಒಡೆಯುವಾಗ ಯಕೃತ್ತಿನ ಕೋಶದ ರಾಸಾಯನಿಕ ಸಮತೋಲನ ಬದಲಾಗಿ ಲ್ಯಾಕ್ಟೇಟ್‌ನಿಂದ ಗ್ಲೂಕೋಸ್ ತಯಾರಿಸುವ ದಾರಿ ಮುಚ್ಚಿಹೋಗುತ್ತದೆ. ದಿನವಿಡೀ ಉಣ್ಣದೆ ಕುಡಿದು ಬಿದ್ದವರನ್ನು ಅಮಲಿನಲ್ಲಿದ್ದಾರೆಂದು ಮಲಗಲು ಬಿಡುವುದು ಅಪಾಯಕರವಾಗುವುದು ಈ ಕಾರಣದಿಂದ.

ಆನುವಂಶಿಕ ಮತ್ತು ಇತರ ಸ್ಥಿತಿಗಳು

ಸಂಗ್ರಹವಿದ್ದೂ ಅದನ್ನು ತೆರೆಯಲಾಗದ ರೋಗವೂ ಇದೆ. 1929ರಲ್ಲಿ ಎಡ್ಗರ್ ಫಾನ್ ಗಿಯರ್ಕೆ ವಿವರಿಸಿದ ಗ್ಲೈಕೋಜನ್ ಸಂಗ್ರಹ ರೋಗದಲ್ಲಿ ಮಗುವಿನ ಯಕೃತ್ತು ಗ್ಲೈಕೋಜನ್‌ನಿಂದ ತುಂಬಿ ಉಬ್ಬಿರುತ್ತದೆ. ಆದರೆ ಹಾಲು ಕುಡಿದ ಕೆಲವೇ ಗಂಟೆಗಳಲ್ಲಿ ರಕ್ತದ ಸಕ್ಕರೆ ಬೀಳುತ್ತದೆ, ಲ್ಯಾಕ್ಟೇಟ್ ಏರುತ್ತದೆ. ಮೇಲೆ ಹೇಳಿದ ಗ್ಲೂಕೋಸ್-6-ಫಾಸ್ಫಟೇಸ್ ಕಿಣ್ವವೇ ಇದರಲ್ಲಿ ಇಲ್ಲವೆಂದು ಕೋರಿ ದಂಪತಿಗಳು 1952ರಲ್ಲಿ ತೋರಿಸಿದರು. ಬೇಯಿಸದ ಮೆಕ್ಕೆಜೋಳದ ಪಿಷ್ಟವನ್ನು ನೀರಿನಲ್ಲಿ ಕಲಸಿ ಕುಡಿಸಿದರೆ ಅದು ನಿಧಾನವಾಗಿ ಜೀರ್ಣವಾಗಿ ಗಂಟೆಗಟ್ಟಲೆ ಸಕ್ಕರೆ ಒದಗಿಸುತ್ತದೆಂಬುದು 1984ರಲ್ಲಿ ಪ್ರಕಟವಾಯಿತು. ಅಡುಗೆಮನೆಯ ಇಷ್ಟು ಸರಳ ವಸ್ತುವೊಂದು ಮಕ್ಕಳ ಜೀವ ಉಳಿಸುವ ಔಷಧವಾದ ನಿದರ್ಶನಗಳು ವೈದ್ಯಶಾಸ್ತ್ರದಲ್ಲಿ ವಿರಳ.

ಬಿಹಾರದ ಮುಜಫ್ಫರ್‌ಪುರದಲ್ಲಿ ಬೇಸಗೆಯ ಲಿಚಿ ಹಣ್ಣಿನ ಕಾಲದಲ್ಲಿ ಮಕ್ಕಳು ನಸುಕಿನಲ್ಲಿ ಸೆಳವು ಬಂದು ಸಾಯುತ್ತಿದ್ದುದು ಯಕೃತ್ತಿನ ದೀರ್ಘ ರೋಗವಲ್ಲವಾದರೂ ಇಲ್ಲಿ ಉಲ್ಲೇಖಾರ್ಹ. 2014ರ ಪ್ರಕರಣಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಲಾದ ಅಧ್ಯಯನವು, ಲಿಚಿಯಲ್ಲಿರುವ ಹೈಪೋಗ್ಲೈಸಿನ್ ಮತ್ತು ಅದರ ಸಮೀಪದ ಒಂದು ವಿಷವಸ್ತುವು ಕೊಬ್ಬಿನ ಆಮ್ಲಗಳ ದಹನವನ್ನೂ ಗ್ಲೂಕೋಸ್ ತಯಾರಿಕೆಯನ್ನೂ ತಡೆಯುತ್ತವೆ, ರಾತ್ರಿಯ ಊಟ ತಪ್ಪಿಸಿದ ಮಕ್ಕಳಲ್ಲಿ ಅಪಾಯ ಹೆಚ್ಚು ಎಂದು ಕಂಡಿತು. ಮಕ್ಕಳಿಗೆ ರಾತ್ರಿ ತಪ್ಪದೆ ಊಟ ಕೊಡಬೇಕು, ಲಿಚಿಯನ್ನು ಮಿತಗೊಳಿಸಬೇಕು, ಕಾಯಿಲೆಬಿದ್ದೊಡನೆ ಸಕ್ಕರೆಯ ಪ್ರಮಾಣವನ್ನು ಸರಿಪಡಿಸಬೇಕು ಎಂಬುವು ಅದರ ಸಲಹೆಗಳಾಗಿದ್ದವು.

ಆಹಾರ ಮತ್ತು ಪಥ್ಯದ ಪ್ರಶ್ನೆ

ಕಾಮಾಲೆ ಬಂದವರಿಗೆ ಎಣ್ಣೆ, ತುಪ್ಪ, ಬೇಳೆ, ಮೊಟ್ಟೆ, ಮಾಂಸ ಎಲ್ಲವನ್ನೂ ಬಿಡಿಸಿ ಗಂಜಿ, ಮಜ್ಜಿಗೆಯ ಮೇಲಿಡುವ ಪಥ್ಯ ಕರ್ನಾಟಕದ ಮನೆಗಳಲ್ಲಿ ಇಂದಿಗೂ ಇದೆ. ತಾನಾಗಿಯೇ ಕೆಲವು ವಾರಗಳಲ್ಲಿ ಗುಣವಾಗುವ ಹೆಪಟೈಟಿಸ್ ಎ ಕಾಮಾಲೆಯಲ್ಲಿ ಇದರಿಂದ ದೊಡ್ಡ ಹಾನಿ ಕಾಣದಿರಬಹುದು. ಸಿರೋಸಿಸ್ ರೋಗಿಗೆ ಇದೇ ಪಥ್ಯವನ್ನು ತಿಂಗಳುಗಟ್ಟಲೆ ಮಾಡಿಸಿದರೆ ಆಗುವುದು ಮೇಲೆ ವಿವರಿಸಿದ ಸ್ನಾಯುಕ್ಷಯವೇ. ಈ ತಪ್ಪು ಮನೆಮದ್ದಿನವರದು ಮಾತ್ರವಲ್ಲ. ಅಮೋನಿಯಾಕ್ಕೆ ಹೆದರಿ ಪ್ರೋಟೀನ್ ಕಡಿತಗೊಳಿಸುವ ಪದ್ಧತಿ ಆಧುನಿಕ ವೈದ್ಯರಲ್ಲಿಯೂ ದಶಕಗಳ ಕಾಲ ನಡೆದಿತ್ತು. ಬಾರ್ಸಿಲೋನಾದ ಹುವಾನ್ ಕಾರ್ಡೊಬಾ ಮತ್ತು ಸಂಗಡಿಗರ 2004ರ ಅಧ್ಯಯನದಲ್ಲಿ, ಮಿದುಳಿನ ತೊಂದರೆ ಇದ್ದ ರೋಗಿಗಳಿಗೆ ಸಾಮಾನ್ಯ ಪ್ರಮಾಣದ ಪ್ರೋಟೀನ್ ಕೊಟ್ಟಾಗಲೂ ಚೇತರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಡಿತಗೊಳಿಸಿದವರ ದೇಹದ ಪ್ರೋಟೀನ್ ಮಾತ್ರ ಹೆಚ್ಚು ಒಡೆಯಿತು.

ಯುರೋಪಿನ ಯಕೃತ್ ಅಧ್ಯಯನ ಸಂಘದ ಮಾರ್ಗಸೂಚಿಯು ಸ್ಥೂಲಕಾಯವಿಲ್ಲದ ಸಿರೋಸಿಸ್ ರೋಗಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಕನಿಷ್ಠ 35 ಕಿಲೋಕ್ಯಾಲರಿ ಶಕ್ತಿಯನ್ನೂ 1.2ರಿಂದ 1.5 ಗ್ರಾಂ ಪ್ರೋಟೀನನ್ನೂ ಸೂಚಿಸುತ್ತದೆ. 60 ಕಿಲೋಗ್ರಾಂ ತೂಕದವರಿಗೆ ಇದು 2,100 ಕಿಲೋಕ್ಯಾಲರಿ ಮತ್ತು 72ರಿಂದ 90 ಗ್ರಾಂ ಪ್ರೋಟೀನ್ ಆಗುತ್ತದೆ. ನೀರು ತುಂಬಿದವರಲ್ಲಿ ಆ ನೀರಿನ ತೂಕವನ್ನು ಕಳೆದು ಲೆಕ್ಕ ಹಾಕಬೇಕು. ಹಾಲು, ಮೊಸರು, ಬೇಳೆ, ಕಾಳುಗಳ ಪ್ರೋಟೀನ್ ಹೆಚ್ಚಿನವರಿಗೆ ಚೆನ್ನಾಗಿ ಒಗ್ಗುತ್ತದೆ. ಉಪ್ಪಿನ ಮಿತಿ ಮಾತ್ರ ಜಲೋದರ ಇರುವವರಿಗೆ ನಿಜಕ್ಕೂ ಅಗತ್ಯ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಮೊದಲು ಬಿಡಬೇಕಾದವು.

ಎಷ್ಟು ತಿನ್ನಬೇಕೆಂಬುದರಷ್ಟೇ ಯಾವಾಗ ತಿನ್ನಬೇಕೆಂಬುದೂ ಮುಖ್ಯ. ನ್ಯೂಜಿಲೆಂಡಿನ ಲಿಂಡ್ಸೆ ಪ್ಲ್ಯಾಂಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗಿಗಳ ಎರಡು ಗುಂಪುಗಳಿಗೆ ಒಂದೇ ಪೋಷಕ ಪಾನೀಯವನ್ನು, ಒಂದು ಗುಂಪಿಗೆ ಹಗಲು, ಇನ್ನೊಂದಕ್ಕೆ ರಾತ್ರಿ ಮಲಗುವ ಹೊತ್ತಿಗೆ, ಹನ್ನೆರಡು ತಿಂಗಳು ಕೊಡಲಾಯಿತು. ರಾತ್ರಿ ಕುಡಿದವರ ಮಾಂಸಲ ದೇಹಾಂಶ ಸುಮಾರು 2 ಕಿಲೋಗ್ರಾಂನಷ್ಟು ಹೆಚ್ಚಿತು. ಹಗಲು ಕುಡಿದವರಲ್ಲಿ ಅಂತಹ ಹೆಚ್ಚಳ ಕಾಣಲಿಲ್ಲ. ಅಂದಿನಿಂದ ಮಲಗುವ ಮುನ್ನ ಸುಮಾರು 50 ಗ್ರಾಂ ಪಿಷ್ಟವಿರುವ ಲಘು ಆಹಾರ ತೆಗೆದುಕೊಳ್ಳುವುದು, ಬೆಳಗ್ಗೆ ಎದ್ದೊಡನೆ ತಿಂಡಿ ತಿನ್ನುವುದು, ಹಗಲಿನಲ್ಲಿ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಬರಿಹೊಟ್ಟೆಯಲ್ಲಿರದಿರುವುದು ಸಾಮಾನ್ಯ ಸಲಹೆಯಾಗಿದೆ. ನಮ್ಮ ಕಡೆ ಇದಕ್ಕೆ ವಿಶೇಷ ಪುಡಿಗಳೇ ಬೇಕೆಂದಿಲ್ಲ. ಹಾಲಿನೊಡನೆ ಅವಲಕ್ಕಿ, ಬಾಳೆಹಣ್ಣಿನೊಡನೆ ಒಂದು ಲೋಟ ರಾಗಿ ಗಂಜಿ ಇಂತಹವು ಸಾಕು. ಮಧುಮೇಹವೂ ಇದ್ದವರು ಸಕ್ಕರೆ, ಬೆಲ್ಲವನ್ನು ಬಿಟ್ಟು ಧಾನ್ಯವನ್ನು ಆರಿಸಿಕೊಳ್ಳುತ್ತಾರೆ.

ಏಕಾದಶಿ, ಶಿವರಾತ್ರಿಯ ನಿರಾಹಾರ ಹಾಗೂ ರಂಜಾನ್ ತಿಂಗಳ ರೋಜಾ ಸಿರೋಸಿಸ್ ರೋಗಿಗಳ ಮುಂದೆ ನಿಜವಾದ ಇಕ್ಕಟ್ಟನ್ನು ತರುತ್ತವೆ. ಜಲೋದರ, ಮಿದುಳಿನ ತೊಂದರೆ ಅಥವಾ ರಕ್ತವಾಂತಿಯ ಹಂತ ಮುಟ್ಟಿದವರು ಉಪವಾಸ ಮಾಡಬಾರದೆಂದೇ ವೈದ್ಯರು ಹೇಳುತ್ತಾರೆ. ವ್ರತಗಳ ಸಂಪ್ರದಾಯದಲ್ಲಿಯೂ, ಇಸ್ಲಾಮಿನಲ್ಲಿಯೂ ರೋಗಿಗಳಿಗೆ ವಿನಾಯಿತಿ ಇದೆ. ಶಸ್ತ್ರಚಿಕಿತ್ಸೆ ಅಥವಾ ಎಂಡೋಸ್ಕೋಪಿಗಾಗಿ ಆಸ್ಪತ್ರೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬರಿಹೊಟ್ಟೆಯಲ್ಲಿ ಕಾಯಿಸುವುದೂ ಇಂತಹ ರೋಗಿಗೆ ಉಪವಾಸವೇ. ಸಾಧ್ಯವಾದರೆ ಅವರ ಸರದಿಯನ್ನು ಬೆಳಗ್ಗೆಯೇ ಇಡುವುದು ಲೇಸು.

ಯಕೃತ್ ಕಸಿಯ ನಂತರ

ಕಸಿ ಮಾಡಿದ ಯಕೃತ್ತಿಗೆ ರಕ್ತ ಹರಿಯತೊಡಗಿದ ಮೇಲೆ ಕೆಲವೇ ಗಂಟೆಗಳಲ್ಲಿ ಲ್ಯಾಕ್ಟೇಟ್ ಇಳಿಯುವುದು, ಹೊರಗಿನಿಂದ ಕೊಡದಿದ್ದರೂ ಗ್ಲೂಕೋಸ್ ನಿಲ್ಲುವುದು ಹೊಸ ಅಂಗ ಕೆಲಸ ಆರಂಭಿಸಿತೆಂಬುದರ ಮೊದಲ ಸೂಚನೆಗಳು. ರಾತ್ರಿಯ ಇಂಧನ ಬಳಕೆ ಸಹಜಕ್ಕೆ ಬರುವುದು ಬೇಗ. ಕಳೆದುಕೊಂಡ ಸ್ನಾಯು ಮರಳುವುದು ನಿಧಾನ. ಅನೇಕರಲ್ಲಿ ಅದು ವರ್ಷ ಕಳೆದರೂ ಪೂರ್ತಿಯಾಗುವುದಿಲ್ಲ, ಮೊದಲು ಹೆಚ್ಚುವುದು ಕೊಬ್ಬೇ. ಕಸಿಗೆ ಕಾಯುತ್ತಿರುವ ಅವಧಿಯಲ್ಲಿಯೇ ಪ್ರೋಟೀನ್‌ಯುಕ್ತ ಆಹಾರ, ರಾತ್ರಿಯ ಲಘು ತಿಂಡಿ ಮತ್ತು ಶಕ್ತಿಗೆ ತಕ್ಕ ನಡಿಗೆಯನ್ನು ವೈದ್ಯರು ಸೂಚಿಸುವುದು ಈ ಕಾರಣಕ್ಕಾಗಿ.